ಒಂದು ಗೆರೆಯ ಚಿತ್ರ: ಬಳಸುವ ವಿಧಾನ
(ಫರಸಿ ಸೀಮೆಯ, ಅಂದರೆ ಕಲಬುರಗಿ ಕಡೆಯ, ಗ್ರಾಹಕರಿಗಾಗಿ ವಿಶೇಷ ಆವೃತ್ತಿ)

ಅಭಿನಂದನೆಗಳು. ನೀವೀಗ ಒಂದು ಅಮೂರ್ತ ರೇಖಾಚಿತ್ರದ ಮುಂದೆ ನಿಂತಿದ್ದೀರಿ. ಬಿಳಿ ಹಾಳೆ, ಅದರ ಮೇಲೆ ಒಂದು ಗೆರೆ, ಬಹಳವೆಂದರೆ ಎರಡು. ಪಕ್ಕದ ಚೀಟಿಯಲ್ಲಿ ‘ಶೀರ್ಷಿಕೆ ಇಲ್ಲ’ ಎಂದು ಬರೆದಿದೆ. ಸಾಮಾನು ದಾರಿಯಲ್ಲಿ ಒಡೆದಿಲ್ಲ, ಬಿಡಿಭಾಗ ಯಾವುದೂ ಕಳೆದಿಲ್ಲ, ಇರುವುದೇ ಇಷ್ಟು. ‘ಮೋಸ’ ಎಂದು ಕೂಗುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಕೂಗುವ ಅವಕಾಶ ಕೊನೆಯಲ್ಲಿ ಕೊಟ್ಟಿದೆ.

ಕೈಪಿಡಿ ಬರೆಯುವ ಚಟ ಈ ಸೀಮೆಗೆ ಹೊಸದೇನಲ್ಲ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಪುಸ್ತಕವೇ ಕವಿಗಳಿಗಾಗಿ ಬರೆದ ಒಂದು ಕೈಪಿಡಿ. ಸುಮಾರು 850ರ ಹೊತ್ತಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಅದು. ಆಗಿನ ರಾಜಧಾನಿ ಮಾನ್ಯಖೇಟವೆಂದರೆ ಇವತ್ತಿನ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಕೋಟೆ ಈಗಲೂ ಇದೆ, ಸಿಮೆಂಟ್ ಕಾರ್ಖಾನೆಯ ಚಿಮಣಿಗಳ ನೆರೆಯಲ್ಲಿ. ಆ ಪುಸ್ತಕ ದೋಷಗಳ ವಿಚಾರವನ್ನು ಮೊದಲ ಪರಿಚ್ಛೇದದಲ್ಲೇ ಮುಗಿಸಿ, ಅಲಂಕಾರಗಳನ್ನು ಎರಡಕ್ಕೆ, ಮೂರಕ್ಕೆ ಇಟ್ಟುಕೊಳ್ಳುತ್ತದೆ. ಸೇಡಂ ತಾಲ್ಲೂಕಿನ ಈ ಸಂಪ್ರದಾಯವನ್ನು ಮುರಿಯಲು ನಮಗೆ ಧೈರ್ಯವಿಲ್ಲ. ಆದ್ದರಿಂದ ದೋಷ ಮೊದಲು.

ನೋಡುವವರಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳು

ಒಂದನೆಯದು ಒಗಟಿನ ದೋಷ. ಚಿತ್ರದ ಹಿಂದೆ ಒಂದು ಉತ್ತರ ಅಡಗಿದೆ, ಕಲಾವಿದನಿಗೆ ಅದು ಗೊತ್ತು, ಅವನು ಹೇಳುತ್ತಿಲ್ಲ ಎಂಬ ಅನುಮಾನ. ಇದು ಹಿಡಿದವರು ಚಿತ್ರವನ್ನು ಬಿಟ್ಟು ಕಲಾವಿದನ ಮುಖವನ್ನೇ ನೋಡತೊಡಗುತ್ತಾರೆ.

ಎರಡನೆಯದು ಸಾಮಾನು ಹುಡುಕುವ ದೋಷ. ಅಡ್ಡಗೆರೆ ಕಂಡರೆ ಹೊಲದ ಬದು, ಉದ್ದಗೆರೆ ಕಂಡರೆ ಲೈಟಿನ ಕಂಬ, ಎರಡು ಗೆರೆ ಜೊತೆಗೆ ಕಂಡರೆ ರೈಲು ಹಳಿ. ಇದಕ್ಕೆ ನಿಮ್ಮನ್ನು ದೂರುವಂತಿಲ್ಲ. ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಬರೆದ ದೇವರುಗಳನ್ನು ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ಕಣ್ಣು ನಮ್ಮದು. ಅಲ್ಲಿ ಕಿರೀಟಕ್ಕೆ ಕಿರೀಟ, ಮುತ್ತಿಗೆ ಮುತ್ತು, ತೋಳಿನ ಹುರಿಗೆ ತೋಳಿನ ಹುರಿ, ಯಾವುದಕ್ಕೂ ಕೊರತೆಯಿಲ್ಲ. ಅಷ್ಟು ಉಂಡವನ ಮುಂದೆ ಒಂದು ಗೆರೆಯಿಟ್ಟರೆ ಅವನು ಊಟ ಎಲ್ಲಿ ಎಂದು ಕೇಳಿಯೇ ಕೇಳುತ್ತಾನೆ. ಒಂದೇಟಿಗೆ ಬರೀ ಗೆರೆಗೆ ಇಳಿಯಲಾರದವರು ಕೆ.ಕೆ. ಹೆಬ್ಬಾರರಲ್ಲಿ ಸ್ವಲ್ಪ ದಿನ ತಂಗಬಹುದು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹೆಬ್ಬಾರರ ರೇಖೆಗಳಲ್ಲಿ ಕುಣಿಯುವ ಹೆಣ್ಣು ಇನ್ನೂ ಇದ್ದಾಳೆ, ಮೈ ಮಾತ್ರ ಕರಗಿ ಓಟವಷ್ಟೇ ಉಳಿದಿದೆ. ಅಲ್ಲಿಂದ ಮುಂದೆ ಅವಳನ್ನೂ ಬಿಡಬೇಕಾಗುತ್ತದೆ.

ಮೂರನೆಯದು ನಮ್ಮ ಕಡೆ ತುಸು ಹೆಚ್ಚೇ ಇರುವ ದೋಷ: ಬಯಲಿನ ದೋಷ. ಖಾಲಿ ಹಾಳೆ ಕಂಡ ಕೂಡಲೇ ವಚನಕಾರ ಅಲ್ಲಮನ ಹೆಸರೆತ್ತಿ ‘ಶೂನ್ಯ’ ಎಂದು ಕಣ್ಣು ಮುಚ್ಚಿಕೊಳ್ಳುವುದು. ಪ್ರದರ್ಶನ ಉದ್ಘಾಟಿಸಲು ಬಂದ ಅತಿಥಿಗಳು ಇದನ್ನು ಬಹಳ ಮಾಡುತ್ತಾರೆ. ಅಲ್ಲಮನಿಗೆ ಇದರಿಂದ ನಷ್ಟವಿಲ್ಲ. ನಷ್ಟ ಚಿತ್ರಕ್ಕೆ, ಏಕೆಂದರೆ ಕಣ್ಣು ಮುಚ್ಚಿದವರಿಗೆ ಗೆರೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ಅಮೋಘವರ್ಷನ ಕಾಲದಲ್ಲೇ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದಿದ್ದ. ಗಣಿತದಲ್ಲಿ ಇದು ತಪ್ಪು. ಆದರೆ ‘ಶೂನ್ಯ, ಶೂನ್ಯ’ ಎನ್ನುತ್ತ ಪ್ರದರ್ಶನ ಮುಗಿಸಿ ಚಹಾಕ್ಕೆ ಹೊರಟವರನ್ನು ನೋಡಿದರೆ ಅವನ ಲೆಕ್ಕವೇ ಸರಿ ಅನ್ನಿಸುತ್ತದೆ: ಒಳಗೆ ಹೋದವರು ಹೋದಂತೆಯೇ ಹೊರಗೆ ಬಂದಿರುತ್ತಾರೆ.

ಅಭ್ಯಾಸ: ನೆಲದ ಮೇಲೆ

ಗ್ಯಾಲರಿಗೆ ಹೋಗುವ ಮೊದಲು ಕಣ್ಣು ಹದ ಮಾಡಿಕೊಳ್ಳಬೇಕು. ಇದಕ್ಕೆ ಬೇಕಾಗುವ ಸಾಮಾನು ನಿಮ್ಮ ಮನೆಯಲ್ಲೇ ಹಾಸಿದೆ. ಶಹಾಬಾದ್ ಫರಸಿ, ಅಂದರೆ ಹಾಸುಗಲ್ಲು. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಹಳೆಯ ಮನೆಯಾದರೆ ಮಾಳಿಗೆಗೂ ಅದೇ. ಕಸ ಗುಡಿಸಿ, ಒದ್ದೆ ಬಟ್ಟೆಯಿಂದ ಒಂದು ಕಲ್ಲನ್ನು ಒರೆಸಿ, ಅದರ ಪಕ್ಕ ಕೂತುಕೊಳ್ಳಿ. ಮನೆಯವರು ಏನಾಯಿತೆಂದು ಕೇಳಿದರೆ ಉಂಗುರ ಬಿದ್ದಿದೆ ಎನ್ನಿ.

ಒರೆಸಿದ ಕಲ್ಲಿನ ಬೂದುಬಣ್ಣ ಕಪ್ಪಾಗಿ, ಅದರೊಳಗಿಂದ ನೀಲಿಯೋ ಹಸಿರೋ ತುಸು ಮೇಲೆ ಬರುತ್ತದೆ. ಕಲ್ಲಿನ ಅಂಚು ನೋಡಿ, ಅಥವಾ ಗರಗಸ ಅಡ್ಡ ಕೊಯ್ದ ತುಂಡೊಂದನ್ನು ಹುಡುಕಿ. ಅಲ್ಲಿ ಕೂದಲಿನಷ್ಟು ತೆಳುವಾದ ಕಪ್ಪು ಗೆರೆಯೊಂದು ಹಲ್ಲುಹಲ್ಲಾಗಿ ಏರಿ, ಇಳಿದು, ಮತ್ತೆ ಏರಿ ಕಲ್ಲಿನ ಈ ತುದಿಯಿಂದ ಆ ತುದಿಗೆ ಹೋಗಿರುತ್ತದೆ. ಬಿರುಕು ಎಂದುಕೊಂಡು ಉಗುರು ತಾಗಿಸಿದರೆ ಉಗುರು ಸಿಕ್ಕುವುದಿಲ್ಲ. ಭೂವಿಜ್ಞಾನಿಗಳು ಇದಕ್ಕೆ ಸ್ಟೈಲೋಲೈಟ್ ಎನ್ನುತ್ತಾರೆ.

ಇದನ್ನು ಯಾರೂ ಬರೆದಿಲ್ಲ, ಆದರೂ ಇದು ಸುಮ್ಮನೆ ಆದದ್ದಲ್ಲ. ಭೀಮಾ ಕಣಿವೆಯ ಈ ಸುಣ್ಣದ ಕಲ್ಲು ಒಂದು ಹಳೆಯ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದು. ಭೂಮಿಯ ಮೇಲೆ ಯಾವ ಪ್ರಾಣಿಗೂ ಕಣ್ಣು ಮೂಡುವುದಕ್ಕೆ ಮೊದಲಿನ ಮಾತು. ಮೇಲಿನ ಪದರಗಳ ಭಾರ ಕೆಳಗಿನವುಗಳ ಮೇಲೆ ಬಿದ್ದಾಗ, ಒತ್ತಡ ಹೆಚ್ಚಿದ ಕಡೆ ಸುಣ್ಣ ಕರಗಿ ನೀರಿನೊಂದಿಗೆ ಬೇರೆಡೆಗೆ ಸಾಗಿತು. ಕರಗದ ಜೇಡಿ, ಕಸರು ಅಲ್ಲೇ ಉಳಿದು ಒಂದು ತೆಳು ಪಟ್ಟಿಯಾಯಿತು. ಕರಗಿದ್ದು ಎಲ್ಲ ಕಡೆ ಸಮನಾಗಿರಲಿಲ್ಲವಾದ್ದರಿಂದ ಗೆರೆಗೆ ಹಲ್ಲು ಮೂಡಿತು. ಅಂದರೆ ನಿಮ್ಮ ಮುಂದಿನ ಗೆರೆ, ಅಲ್ಲಿದ್ದು ಹೋದ ಕಲ್ಲಿನ ಲೆಕ್ಕ. ಹಲ್ಲು ಎಷ್ಟು ಎತ್ತರವೋ ಕನಿಷ್ಠ ಅಷ್ಟು ದಪ್ಪದ ಕಲ್ಲು ಕರಗಿದೆ ಎಂದು ಅದನ್ನು ಅಳೆದು ಹೇಳುತ್ತಾರೆ.

ಈಗ ನಿಮ್ಮ ಕೆಲಸ: ಆ ಗೆರೆ ನಿಮ್ಮ ಕಣ್ಣಿಗೆ ಗುಡ್ಡದ ಸಾಲಿನ ಹಾಗೆ ಕಂಡಿತೋ ಎಂಬುದನ್ನು ಬದಿಗಿಡಿ. ಗುಡ್ಡದ ಸಾಲು ಎಂದವನು ನೋಡುವುದನ್ನು ಅಲ್ಲಿಗೆ ನಿಲ್ಲಿಸಿದ. ಎಲ್ಲಿ ಹಲ್ಲು ಎತ್ತರ, ಎಲ್ಲಿ ಮೊಂಡು, ಎಲ್ಲಿ ಗೆರೆ ಕವಲೊಡೆದು ಮತ್ತೆ ಕೂಡಿದೆ ಎಂದು ನೋಡಿದವನಿಗೆ ಭಾರ ಎಲ್ಲಿ ಬಿತ್ತೆಂದು ತಿಳಿಯಿತು. ಅರ್ಥ ಅಂದರೆ ಈ ಕೈಪಿಡಿಯ ಮಟ್ಟಿಗೆ ಇಷ್ಟೇ: ಗೆರೆ ಇರುವ ಕಡೆ ಇರುವುದಕ್ಕೆ, ನಿಂತ ಕಡೆ ನಿಲ್ಲುವುದಕ್ಕೆ ಒಂದು ಒತ್ತಡವಿದೆ, ಅದು ಕಣ್ಣಿಗೆ ತಾಗಬೇಕು. ಕಲ್ಲಿನಲ್ಲಿ ಆ ಒತ್ತಡ ಭೂಮಿಯದು, ಹಾಳೆಯಲ್ಲಿ ಮನುಷ್ಯರದು.

ಗಣಿಯಲ್ಲಿ ಕೆಲಸ ಮಾಡುವವರಿಗೆ ಈ ಪಾಠ ಬೇಡ, ಅವರು ಮುಂದಿನ ಭಾಗಕ್ಕೆ ಹೋಗಬಹುದು. ಕಲ್ಲು ಯಾವ ಪದರದಲ್ಲಿ ಬಿಡುತ್ತದೆ ಎಂದು ಅಂಚಿನ ಗೆರೆ ನೋಡಿಯೇ ಅವರು ಉಳಿ ಇಡುತ್ತಾರೆ, ಸುತ್ತಿಗೆಯ ಸದ್ದು ಕೇಳಿ ಕಲ್ಲು ಗಟ್ಟಿಯೋ ಒಡಕೋ ಹೇಳುತ್ತಾರೆ. ಗೆರೆಯನ್ನು ತಪ್ಪಾಗಿ ಓದಿದರೆ ಇಡೀ ಹಾಸು ಹಾಳು, ಆ ದಿನದ ಕೂಲಿಯೂ ಹಾಳು. ಇಷ್ಟು ಖಡಕ್ಕಾದ ವಿಮರ್ಶೆ ಪತ್ರಿಕೆಗಳಲ್ಲಿ ಬರುವುದಿಲ್ಲ.

ಅಭ್ಯಾಸ: ಖಾಲಿ ಪೀಠದ ಮುಂದೆ

ಚಿತ್ತಾಪುರ ತಾಲ್ಲೂಕು, ಭೀಮಾ ದಂಡೆ, ಸನ್ನತಿ. ಇಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ಕಲ್ಲು ಮಣ್ಣು ತೆಗೆದಾಗ, ದೇವಿಯ ಮೂರ್ತಿ ಇಷ್ಟು ಕಾಲ ಕೂತಿದ್ದ ಪೀಠವೇ ಅಶೋಕನ ಶಾಸನ ಎಂದು ತಿಳಿಯಿತು. ಮೂರ್ತಿ ನಿಲ್ಲಿಸಲು ಯಾರೋ ಅದರ ನಡುವೆ ಕಂಡಿ ಕೊರೆದಿದ್ದರು. ಕಂಡಿ ಬಿದ್ದ ಕಡೆಯ ಅಕ್ಷರಗಳು ಹೋದವು. ನಮ್ಮ ಅಭ್ಯಾಸಕ್ಕೆ ಬೇಕಾದದ್ದು ಇದಲ್ಲ, ಹತ್ತಿರದ ಕನಗನಹಳ್ಳಿ. ಆದರೂ ಈ ಕಂಡಿಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ಒಂದು ಮಹಾಸ್ತೂಪ ಸಿಕ್ಕಿತು. ಸುತ್ತ ಹೊದಿಸಿದ್ದ ಫಲಕಗಳು ಇದೇ ಸೀಮೆಯ ಸುಣ್ಣದ ಕಲ್ಲು. ನೀವು ಈಗಷ್ಟೇ ಒರೆಸಿ ಬಂದದ್ದರ ನೆಂಟ. ಅದರಲ್ಲಿ ಒಂದು ಫಲಕ ಬಹಳ ಹೆಸರಾಗಿದೆ: ರಾಜ, ರಾಣಿ, ಪರಿವಾರ, ಜೊತೆಗೆ ಬ್ರಾಹ್ಮಿ ಅಕ್ಷರದಲ್ಲಿ ‘ರಾಯ ಅಸೋಕ’ ಎಂಬ ಹೆಸರು. ಶೀರ್ಷಿಕೆ ಇರುವ ಚಿತ್ರವೇ ಬೇಕೆನ್ನುವ ಗ್ರಾಹಕರು ಇದನ್ನು ನೋಡಿ, ಫೋಟೊ ತೆಗೆದುಕೊಂಡು, ಅಲ್ಲೇ ನಿಲ್ಲಬಹುದು.

ಉಳಿದವರು ಬೇರೆ ಫಲಕಗಳ ಕಡೆ ಬನ್ನಿ. ಒಂದು ಮರ, ಅದರ ಕೆಳಗೆ ಒಂದು ಆಸನ. ಆಸನದ ಮೇಲೆ ಯಾರೂ ಇಲ್ಲ. ಕೆಳಗೆ ಎರಡು ಪಾದದ ಗುರುತು, ಅಂಗಾಲಿನಲ್ಲಿ ಚಕ್ರ. ಸುತ್ತ ಜನ. ಕೈ ಮುಗಿದವರು, ಬಾಗಿದವರು. ಎಲ್ಲರ ಮುಖವೂ ಯಾರೂ ಇಲ್ಲದ ಆ ಜಾಗದ ಕಡೆಗೆ. ಬುದ್ಧನ ಕಥೆಯಲ್ಲಿ ಬುದ್ಧನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಶಿಲ್ಪಿ ಕೆತ್ತಿದ್ದಾನೆ. ಆದರೆ ಇದೇ ಸ್ತೂಪದಲ್ಲಿ ಬುದ್ಧನ ಮೂರ್ತಿಗಳೂ ಸಿಕ್ಕಿವೆ.

ಖಾಲಿ ಆಸನ ಎಂದರೇನು ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸಬಾರದೆಂದು ಆಗಿನವರು ಗುರುತುಗಳಲ್ಲಿ ತೋರಿಸಿದರು ಎಂಬುದು ಹಳೆಯ ವಾದ. ಅಲ್ಲಿ ಬುದ್ಧ ಇರಬೇಕಾಗಿಯೇ ಇರಲಿಲ್ಲ, ಆಮೇಲಿನ ಭಕ್ತರು ಆ ಪುಣ್ಯಸ್ಥಳಕ್ಕೆ ಯಾತ್ರೆ ಬಂದ ಚಿತ್ರವದು ಎಂದು ಸೂಸನ್ ಹಂಟಿಂಗ್ಟನ್ 1990ರಲ್ಲಿ ವಾದಿಸಿದರು. ಮರುವರ್ಷವೇ ವಿದ್ಯಾ ದೆಹೇಜಿಯಾ, ಒಂದೇ ಗುರುತು ಬುದ್ಧನೂ ಆಗಬಹುದು, ಸ್ಥಳವೂ ಆಗಬಹುದು, ತತ್ವವೂ ಆಗಬಹುದು, ಒಂದಕ್ಕೇ ಕಟ್ಟಿಹಾಕಬೇಡಿ ಎಂದರು. ನನ್ನ ಮತ ದೆಹೇಜಿಯಾ ಕಡೆಗೆ. ಅದಿರಲಿ, ಗ್ರಾಹಕರು ಗಮನಿಸಬೇಕಾದದ್ದು ಬೇರೆ: ವಾದ ಯಾವುದಾದರೂ ಸುತ್ತಲಿನವರ ಕೈ, ಕಣ್ಣು, ಬಾಗಿದ ಬೆನ್ನು ನೋಡಲೇಬೇಕು. ಖಾಲಿ ಜಾಗ ತಾನಾಗಿ ಏನೂ ಹೇಳುವುದಿಲ್ಲ, ಅಂಚಿನಲ್ಲಿ ಇರುವವರು ಹೇಳುತ್ತಾರೆ. ಬಿಳಿ ಹಾಳೆಯ ಮುಂದೆ ನಿಂತಾಗ ಬಿಳಿಯನ್ನು ದಿಟ್ಟಿಸಿ ಕಣ್ಣು ನೋಯಿಸಿಕೊಳ್ಳಬೇಡಿ. ಗೆರೆ ಅದರ ಕಡೆ ಹೇಗೆ ತಿರುಗಿದೆ ನೋಡಿ.

ಅಭ್ಯಾಸ: ವಾಡಿ

ಗೆರೆಗಳು ಕವಲೊಡೆಯುವುದನ್ನು ನೋಡಲು ವಾಡಿ ರೈಲು ಜಂಕ್ಷನ್ನಿನ ಮೇಲ್ಸೇತುವೆ ಹತ್ತಿ. ಒಂದು ಜೊತೆ ಹಳಿ ಮುಂಬೈ ಕಡೆಗೆ, ಒಂದು ಗುಂತಕಲ್ ಕಡೆಗೆ, ಇನ್ನೊಂದು 1874ರಲ್ಲಿ ನಿಜಾಮರ ರೈಲ್ವೆ ಎಳೆದ ಸಿಕಂದರಾಬಾದ್ ಕಡೆಗೆ. ಯಾವ ಹಳಿ ಯಾವ ಜಾಗದಲ್ಲಿ ಉಳಿದವುಗಳಿಂದ ಬೇರೆಯಾಗಲು ಶುರುಮಾಡುತ್ತದೆ ಎಂದು ಬೆರಳಿಟ್ಟು ಹೇಳಿ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಈ ಅಭ್ಯಾಸ ಮಾಡಬಾರದು. ಆದ ಹಾನಿಗೆ ಕೈಪಿಡಿ ಹೊಣೆಯಲ್ಲ.

ಅಭ್ಯಾಸ: ಚಿಂಚೋಳಿ, ಸೇಡಂ ದಾಟಿ

ಪೂರ್ವಕ್ಕೆ ಹೋಗುತ್ತ ಹೋಗುತ್ತ ತೆಲಂಗಾಣ ಬರುತ್ತದೆ. ಬಂದದ್ದು ಗೊತ್ತಾಗುವುದು ಬೋರ್ಡಿನಿಂದ. ಹೊಲದಲ್ಲಿ ಅದೇ ತೊಗರಿ, ಮಣ್ಣಿನ ಕೆಳಗೆ ಅದೇ ಕಲ್ಲು. ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಒಂದು ಗೆರೆ ಬಿದ್ದು ಅವು ಆಗಿನ ಆಂಧ್ರ ಪ್ರದೇಶಕ್ಕೆ ಹೋದವು. ಈಗ ಗೆರೆಯ ಈ ಕಡೆ ಅಗೆದದ್ದು ಶಹಾಬಾದ್ ಕಲ್ಲು, ಆ ಕಡೆ ಅಗೆದದ್ದು ತಾಂಡೂರು ಕಲ್ಲು ಎಂದು ಎರಡು ರಾಜ್ಯದ ಸರಕಾಗಿ ಮಾರಾಟವಾಗುತ್ತಿವೆ. ಯಾವ ಇಂಜಿನಿಯರನೂ ಕಟ್ಟದ, ಯಾವ ಗೌಂಡಿಯೂ ಹಾಕದ ಆ ಗೆರೆಯ ಮೇಲೆ ಶಾಲೆಯ ಭಾಷೆ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ.

ಅಲೀಗಢದಲ್ಲಿ 1937ರಲ್ಲಿ ಹುಟ್ಟಿದ ಝರೀನಾ ಹಶ್ಮಿ 2001ರಲ್ಲಿ ಒಂದು ಮರದಚ್ಚಿನ ಚಿತ್ರ ಮಾಡಿದರು. ಹಾಳೆಯ ತುಂಬ ಓಡಾಡುವ ಒಂದೇ ಒಂದು ಕಪ್ಪು ಗೆರೆ, ಬೇರೇನೂ ಇಲ್ಲ. ಅದು ಭಾರತ ಮತ್ತು ಪಾಕಿಸ್ತಾನದ ನಡುವಿನ ಗಡಿ. ಇದನ್ನು ಹೇಳದೆ ಚಿತ್ರ ತೋರಿಸಿದರೆ ಕೆಲವರು ನದಿ ಎನ್ನುತ್ತಾರೆ, ಕೆಲವರು ಬಿರುಕು ಎನ್ನುತ್ತಾರೆ. ಹೇಳಿದ ಮೇಲೆ ಯಾರೂ ಏನೂ ಎನ್ನುವುದಿಲ್ಲ. ಚೀಟಿ ಓದುವುದರಿಂದ ಚಿತ್ರ ಕೆಡುತ್ತದೆ ಎಂದು ಹಟ ಹಿಡಿಯುವ ಶುದ್ಧ ಕಲಾಪ್ರೇಮಿಗಳು ಈ ಒಂದು ಚಿತ್ರದ ಮಟ್ಟಿಗಾದರೂ ಹಟ ಬಿಡಬೇಕು.

ಈಗ ನಿಜವಾದ ಚಿತ್ರ

ನಸ್ರೀನ್ ಮೊಹಮದಿಯವರದು ತೆಗೆದುಕೊಳ್ಳಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, 1972ರಿಂದ ಬರೋಡಾದಲ್ಲಿ ಪಾಠ ಹೇಳಿ, 1990ರಲ್ಲಿ ತೀರಿಕೊಂಡವರು. ಹಾಳೆ, ಪೆನ್ಸಿಲ್, ಶಾಯಿ, ನಕ್ಷೆ ಬರೆಯುವವರ ಸಲಕರಣೆ, ಹೆಚ್ಚಿನ ಕೆಲಸ ಇಷ್ಟರಲ್ಲೇ. ಬರೋಡಾಕ್ಕೆ ಬಂದ ಮೊದಮೊದಲು ಹತ್ತಿರ ಹತ್ತಿರ ಎಳೆದ ಚೌಕುಳಿಗಳು, ಆಮೇಲೆ ಓರೆಗೆರೆಗಳು, ಕೊನೆಕೊನೆಗೆ ಹಾಳೆಯಲ್ಲಿ ಬಿಳಿಯೇ ಹೆಚ್ಚು. ಹೆಚ್ಚಿನವಕ್ಕೆ ಹೆಸರಿಡಲಿಲ್ಲ, ತಾರೀಖು ಹಾಕಲಿಲ್ಲ. ಕೈಯ ಹತೋಟಿ ತಪ್ಪಿಸುವ ನರರೋಗ ಅಂಟಿಕೊಂಡ ಮೇಲೂ ಗೆರೆಯ ನಿಖರತೆ ಬಿಡಲಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಮ್ಯೂಸಿಯಂ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಒಂದು ಇವರದಾಗಿತ್ತು.

ಹೇಗೆ ನೋಡಬೇಕೆಂಬುದಕ್ಕೆ ಕೆಳಗೊಂದು ಮಾದರಿ ಸಂಭಾಷಣೆ ಕೊಟ್ಟಿದೆ. ಪಾತ್ರಗಳು ಕಾಲ್ಪನಿಕ: ಚಿತ್ರಕಲೆ ಓದಿದ ಹುಡುಗಿ, ಸೇಡಮಿನಲ್ಲಿ ಗೌಂಡಿ ಕೆಲಸ ಮಾಡುವ ಅವಳ ಕಾಕಾ. ಅವಳ ಕೈಯಲ್ಲಿ ಇಂಥದೇ ಒಂದು ಓರೆಗೆರೆಯ ಚಿತ್ರವಿರುವ ಪುಸ್ತಕ.

“ಇದರಾಗ ಏನದವ್ವಾ?”

“ಗೆರಿ ಅದ ಕಾಕಾ.”

“ಅದು ನನಗೂ ಕಾಣಸ್ತದ. ಯಾಕದ?”

“ಬಟ್ಟ ಇಟ್ಟು ಮುಚ್ಚಿ ನೋಡ್ರಿ.”

“ಮುಚ್ಚಿದ್ರ ಬರೇ ಹಾಳಿ.”

“ತಗೀರಿ ಈಗ.”

“ಮ್ಯಾಗ ಬ್ಯಾರೆ, ತೆಳಗ ಬ್ಯಾರೆ ಆತು. ಆದ್ರ ಗೆರಿ ಸೀದಾ ಇಲ್ಲ, ಬಲಕ್ಕ ಇಳದದ. ಕೈ ತಪ್ಪ್ಯಾದೇನು?”

“ಬೇಕಂತನೇ ಇಳಸ್ಯಾರ.”

“ಹಾಂ. ನೀರು ಹರೀಲಿ ಅಂತ ನಾವು ಫರಸಿಗಿ ಇಳಕಲ ಕೊಟ್ಟಂಗ. ಇಲ್ಲಿ ಹರಿಯೋದು ಏನು ಮತ್ತ?”

“ನಿಮ್ಮ ಕಣ್ಣು ಯಾ ಕಡಿ ಹೋತು?”

“ಬಲಕ್ಕ. ಹೋಗಿ ಅಂಚಿನ ತನಕ ಮುಟ್ಟಲಿಲ್ಲ, ನಡಕ ನಿಂತುಬಿಡ್ತು. ಇನ್ನೊಂದೀಟು ಎಳೀಬೇಕಿತ್ತಲ್ಲ ಅನಸ್ತದ.”

“ಎಳದ್ರ?”

“ಎಳದ್ರ ನೀರು ಹರದು ಹೋಗಿ ಮುಗೀತು. ಈಗ ನಿಂತಾದ.”

ಮಾದರಿ ಮುಗಿಯಿತು. ಕಾಕಾ ಇಲ್ಲಿ ಯಾವ ತತ್ವವನ್ನೂ ಹೇಳಲಿಲ್ಲ, ಯಾವ ಸಾಮಾನನ್ನೂ ಹುಡುಕಲಿಲ್ಲ. ಮುಚ್ಚಿದ, ತೆಗೆದ, ಮನಸ್ಸಿನಲ್ಲೇ ಗೆರೆಯನ್ನು ಒಂದಿಷ್ಟು ಎಳೆದು ನೋಡಿದ. ಈ ಕೈಪಿಡಿಯಲ್ಲಿ ಉಪಯೋಗಕ್ಕೆ ಬರುವ ಸೂಚನೆ ಅದೊಂದೇ: ಗೆರೆಯನ್ನು ಒಂದು ಅಂಗುಲ ಸರಿಸಿ ನೋಡಿ. ಸರಿಸಿದಾಗ ಏನೋ ಕೆಟ್ಟಿತು ಅನ್ನಿಸಿದರೆ, ಕೆಟ್ಟದ್ದು ಯಾವುದೋ ಅದೇ ಆ ಚಿತ್ರದಲ್ಲಿ ಇದ್ದದ್ದು.

ಕೆಲಸ ಮಾಡದಿದ್ದರೆ

ಬಹಳ ಹೊತ್ತು ನೋಡಿದರೂ ಏನೂ ಆಗುತ್ತಿಲ್ಲ ಎಂದರೆ ಮೂರು ಕಾರಣ ಇರಬಹುದು. ನಿಮಗೆ ಹಸಿವಾಗಿದೆ, ರೊಟ್ಟಿ ತಿಂದು ಬನ್ನಿ. ಅಥವಾ ಗಾಜಿನಲ್ಲಿ ಟ್ಯೂಬ್‌ಲೈಟ್ ಕಾಣುತ್ತಿದೆ. ಎರಡು ಹೆಜ್ಜೆ ಸರಿದು ನಿಲ್ಲಿ. ಎರಡೂ ಅಲ್ಲವಾದರೆ ಚಿತ್ರವೇ ಕೆಟ್ಟದ್ದು. ಇದನ್ನು ಹೇಳಲು ಕಲಾಲೋಕದವರು ಹಿಂಜರಿಯುತ್ತಾರೆ, ನಾವು ಹಿಂಜರಿಯುವುದಿಲ್ಲ. ಗೆರೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಎಲ್ಲಿಗೆ ಸರಿಸಿದರೂ ಚಿತ್ರಕ್ಕೆ ಏನೂ ಆಗದಿದ್ದರೆ ಅದು ಅಲ್ಲಿ ಸುಮ್ಮನೆ ಬಿದ್ದಿದೆ ಎಂದೇ ಅರ್ಥ. ಅಂಥದ್ದೂ ಬೇಕಾದಷ್ಟು ಬರುತ್ತದೆ, ಬೆಲೆ ಹಚ್ಚಿಕೊಂಡೇ ಬರುತ್ತದೆ. ಮೊದಲ ಪುಟದಲ್ಲಿ ಮಾತು ಕೊಟ್ಟಂತೆ ‘ಮೋಸ’ ಎಂದು ಇಲ್ಲಿ ಕೂಗಬಹುದು, ಸಣ್ಣ ದನಿಯಲ್ಲಿ.

ಗ್ರಾಹಕರು ಹೆಚ್ಚಾಗಿ ಕೇಳುವ ಪ್ರಶ್ನೆ

*ಇಂಥದ್ದನ್ನು ನಮ್ಮನೆ ಮಗುವೂ ಬಿಡಿಸುತ್ತದಲ್ಲ?*

ಬಿಡಿಸುತ್ತದೆ. ಹಾಳೆ, ಪೆನ್ಸಿಲ್ ಕೊಡಿ. ಮೊದಲನೆಯದು ಚೆನ್ನಾಗಿಯೇ ಬರುತ್ತದೆ, ಬಹುಶಃ ಗೋಡೆಗೆ ತೂಗುಹಾಕುವಷ್ಟು ಚೆನ್ನಾಗಿ. ಆಮೇಲೆ ಎರಡನೆಯ ಹಾಳೆ ಕೊಟ್ಟು, ಮೊದಲನೆಯದರಲ್ಲಿ ಎಲ್ಲಿ ನಿಲ್ಲಿಸಿತ್ತೋ ಅಲ್ಲೇ ನಿಲ್ಲಿಸು ಎನ್ನಿ. ಮಗು ಅಲ್ಲಿ ನಿಲ್ಲಿಸುವುದಿಲ್ಲ. ಒಂದು ಸೂರ್ಯ ಹಾಕುತ್ತದೆ, ಕೆಳಗೆ ಮನೆ ಹಾಕುತ್ತದೆ, ಮನೆಗೆ ಬಾಗಿಲು, ಬಾಗಿಲ ಮುಂದೆ ನಿಮ್ಮನ್ನೂ ನಿಲ್ಲಿಸುತ್ತದೆ, ಮೀಸೆ ಸಮೇತ. ಆ ಚಿತ್ರಕ್ಕೆ ಕೈಪಿಡಿ ಬೇಡ. ನಸ್ರೀನ್ ನಿಲ್ಲಿಸಿದರು, ಮರುದಿನವೂ ಅಲ್ಲೇ ನಿಲ್ಲಿಸಿದರು, ವರ್ಷಗಟ್ಟಲೆ ಹಾಗೇ ನಿಲ್ಲಿಸಿದರು. ಇದಕ್ಕೂ ಮೇಲೆ ಅನುಮಾನವಿದ್ದವರು ಮೂರನೆಯ ಹಾಳೆಯನ್ನು ತಾವೇ ತೆಗೆದುಕೊಳ್ಳಿ, ಪಟ್ಟಿ ಇಟ್ಟು ಒಂದು ಗೆರೆ ಎಳೆಯಿರಿ, ಅದು ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸಿ. ರಬ್ಬರ್ ಪ್ರತ್ಯೇಕವಾಗಿ ಕೊಳ್ಳಬೇಕು.